ಜನರಲ್ ತಿಮ್ಮಯ್ಯ: ಕೊರಿಯಾದಿಂದ ಸೈಪ್ರಸ್‌ವರೆಗೆ ಭಾರತದ ಶಾಂತಿಪಾಲಕ

ಅಕ್ಕಪಕ್ಕದ ಎರಡು ಮನೆಯವರು ಜಗಳವಾಡುವಾಗ ಊರಿನವರು ಸಾಮಾನ್ಯವಾಗಿ ಮೂರು ಬಗೆಯಲ್ಲಿ ನಡೆದುಕೊಳ್ಳುತ್ತಾರೆ. ಕೆಲವರು ಒಂದು ಮನೆಯವರ ಪಕ್ಷ ಹಿಡಿದು ತಾವೂ ಕೋಲು ಎತ್ತಿಕೊಳ್ಳುತ್ತಾರೆ. ಇನ್ನು ಕೆಲವರು ನಮಗೇಕೆ ಊರ ಉಸಾಬರಿ ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಮೂರನೆಯ ಬಗೆಯವರು ತೀರಾ ಕಡಿಮೆ. ಅವರು ಇಬ್ಬರ ನಡುವೆ ಹೋಗಿ ನಿಲ್ಲುತ್ತಾರೆ. ಇಬ್ಬರಿಂದಲೂ ಬೈಸಿಕೊಳ್ಳುತ್ತಾರೆ. ಆದರೆ ಜಗಳ ನಿಲ್ಲುವುದು ಹೆಚ್ಚಾಗಿ ಇಂಥವರಿಂದಲೇ.

ದೇಶಗಳ ವಿಷಯದಲ್ಲಿಯೂ ಇದು ನಿಜ. ಸ್ವಾತಂತ್ರ್ಯ ಸಿಕ್ಕಿ ಮೂರು ವರ್ಷವೂ ತುಂಬದಿದ್ದ ಭಾರತದ ಮುಂದೆ 1950ರಲ್ಲಿ ಇಂಥದೇ ಪ್ರಶ್ನೆ ಬಂದು ನಿಂತಿತು. ದೂರದ ಕೊರಿಯಾದಲ್ಲಿ ಯುದ್ಧ ಹೊತ್ತಿಕೊಂಡಿತ್ತು. ಜಗತ್ತಿನ ಎರಡು ಮಹಾಶಕ್ತಿಗಳು ತಮ್ಮ ತಮ್ಮ ಬಣಕ್ಕೆ ಬರುವಂತೆ ಎಲ್ಲರನ್ನೂ ಎಳೆಯುತ್ತಿದ್ದವು. ಆಗ ಭಾರತ ಸರ್ಕಾರ ಮೂರನೆಯ ದಾರಿಯನ್ನು ಆರಿಸಿಕೊಂಡಿತು. ದೆಹಲಿಯಲ್ಲಿ ಕೈಗೊಂಡ ಆ ನೀತಿಯನ್ನು ಕೊರಿಯಾದ ಮುಳ್ಳುತಂತಿಯ ಬೇಲಿಗಳ ನಡುವೆ ನಿಂತು ಕಾರ್ಯರೂಪಕ್ಕೆ ತಂದವರು ನಮ್ಮ ಕೊಡಗಿನ ಒಬ್ಬ ಸೇನಾನಿ. ಅವರೇ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ತಿಮ್ಮಯ್ಯನವರೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಭೂಸೇನೆಯ ಮಹಾದಂಡನಾಯಕರೆಂದು. ಯುದ್ಧ ಗೆದ್ದವರೆಂದು ಅವರನ್ನು ಕೊಂಡಾಡುತ್ತೇವೆ. ಆದರೆ ಯುದ್ಧ ನಿಲ್ಲಿಸುವ ಕೆಲಸದಲ್ಲಿ ಅವರು ತೋರಿದ ತಾಳ್ಮೆ ಮತ್ತು ನ್ಯಾಯಬುದ್ಧಿ ವಿದ್ಯಾರ್ಥಿಗಳು ಮುಖ್ಯವಾಗಿ ತಿಳಿಯಬೇಕಾದ ವಿಷಯ. ಅವರ ಜೀವನದ ಆ ಭಾಗಕ್ಕೆ ಈ ಲೇಖನದಲ್ಲಿ ಹೆಚ್ಚು ಗಮನ ಕೊಡಲಾಗಿದೆ.

ಬಾಲ್ಯ ಮತ್ತು ಶಿಕ್ಷಣ

ತಿಮ್ಮಯ್ಯನವರು ಹುಟ್ಟಿದ್ದು 1906ರ ಮಾರ್ಚ್‌ನಲ್ಲಿ, ಮಡಿಕೇರಿಯಲ್ಲಿ. ಕೊಡಗು ಆಗ ಬ್ರಿಟಿಷರ ನೇರ ಆಡಳಿತದಲ್ಲಿದ್ದ ಪ್ರತ್ಯೇಕ ಪ್ರಾಂತ್ಯ. ಕಾಫಿ ಬೆಳೆಯುವ ಅನುಕೂಲಸ್ಥ ಕುಟುಂಬ ಅವರದು. ಎಳೆಯ ವಯಸ್ಸಿನಲ್ಲಿಯೇ ಅವರನ್ನು ಕೂನೂರಿನ ಸೇಂಟ್ ಜೋಸೆಫ್ಸ್ ಶಾಲೆಗೆ ಸೇರಿಸಲಾಯಿತು. ಅನಂತರ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದರು. ಅಲ್ಲಿಂದ ಡೆಹ್ರಾಡೂನ್‌ನ ಸೈನಿಕ ವಿದ್ಯಾಲಯಕ್ಕೆ ಹೋಗಿ, ಮುಂದೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಅಧಿಕಾರಿಯಾದರು. ಆ ಕಾಲದಲ್ಲಿ ಸ್ಯಾಂಡ್‌ಹರ್ಸ್ಟ್‌ಗೆ ಆಯ್ಕೆಯಾಗುತ್ತಿದ್ದ ಭಾರತೀಯರ ಸಂಖ್ಯೆ ಬೆರಳೆಣಿಕೆಯಷ್ಟು. ರೂಢಿಯಂತೆ ಮೊದಲು ಒಂದು ಬ್ರಿಟಿಷ್ ರೆಜಿಮೆಂಟಿನಲ್ಲಿದ್ದು, ಬಳಿಕ 19ನೇ ಹೈದರಾಬಾದ್ ರೆಜಿಮೆಂಟಿನ ನಾಲ್ಕನೇ ಬೆಟಾಲಿಯನ್ ಸೇರಿದರು. ಇದೇ ರೆಜಿಮೆಂಟ್ ಮುಂದೆ ಕುಮಾವೂನ್ ರೆಜಿಮೆಂಟ್ ಎಂದು ಹೆಸರಾಯಿತು.

ದೇಶದಲ್ಲಿ ಸ್ವಾತಂತ್ರ್ಯ ಚಳವಳಿ ಬಿರುಸಾಗಿದ್ದ ದಿನಗಳವು. ಬ್ರಿಟಿಷರ ಸಮವಸ್ತ್ರ ತೊಟ್ಟ ಭಾರತೀಯ ಯುವಕರಿಗೆ ಮನಸ್ಸಿನೊಳಗೆ ದೊಡ್ಡ ಹೋರಾಟ ನಡೆಯುತ್ತಿತ್ತು. ಸೇನೆಯನ್ನು ಬಿಟ್ಟು ಚಳವಳಿಗೆ ಸೇರಬೇಕೇ ಎಂದು ತಿಮ್ಮಯ್ಯನವರು ಅಲಹಾಬಾದ್‌ನಲ್ಲಿ ಮೋತಿಲಾಲ್ ನೆಹರೂ ಅವರನ್ನು ಕೇಳಿದರೆಂದೂ, ಸ್ವತಂತ್ರ ಭಾರತಕ್ಕೆ ನುರಿತ ಸೇನಾಧಿಕಾರಿಗಳು ಬೇಕಾಗುತ್ತಾರೆ, ಕಲಿಯುವಷ್ಟನ್ನು ಕಲಿತುಕೊಳ್ಳಿ ಎಂಬ ಅರ್ಥದ ಸಲಹೆ ಅವರಿಗೆ ಸಿಕ್ಕಿತೆಂದೂ ಅವರ ಜೀವನ ಚರಿತ್ರೆಯಿಂದ ತಿಳಿದುಬರುತ್ತದೆ. ಅವರು ಸೇನೆಯಲ್ಲಿಯೇ ಉಳಿದರು.

1935ರಲ್ಲಿ ಅವರ ವಿವಾಹ ನೀನಾ ಅವರೊಡನೆ ನಡೆಯಿತು. ಅದೇ ವರ್ಷ ಕ್ವೆಟ್ಟಾದಲ್ಲಿ ಭೀಕರ ಭೂಕಂಪವಾಯಿತು. ಆಗ ಅಲ್ಲಿದ್ದ ಗಂಡಹೆಂಡಿರಿಬ್ಬರೂ ಗಾಯಾಳುಗಳ ಸೇವೆಗೆ ನಿಂತರು. ನೀನಾ ಅವರ ಸೇವೆಯನ್ನು ಗುರುತಿಸಿ ಸರ್ಕಾರ ಪದಕ ನೀಡಿತು.

ಎರಡನೇ ಮಹಾಯುದ್ಧದಲ್ಲಿ ತಿಮ್ಮಯ್ಯನವರು ಬರ್ಮಾದ ಅರಕಾನ್ ಪ್ರದೇಶದಲ್ಲಿ ಹೋರಾಡಿದರು. ಯುದ್ಧಭೂಮಿಯಲ್ಲಿ ಒಂದು ಇಡೀ ಬ್ರಿಗೇಡನ್ನು ಮುನ್ನಡೆಸಿದ ಮೊದಲ ಭಾರತೀಯ ಎಂಬ ಗೌರವ ಅವರದಾಯಿತು. ಶೌರ್ಯಕ್ಕಾಗಿ ಡಿ.ಎಸ್.ಓ. ಪದಕ ದೊರೆಯಿತು. 1945ರಲ್ಲಿ ಸಿಂಗಾಪುರದಲ್ಲಿ ಜಪಾನಿ ಸೇನೆ ಶರಣಾದಾಗ ಭಾರತದ ಕಡೆಯಿಂದ ಹಾಜರಿದ್ದವರಲ್ಲಿ ಅವರೂ ಒಬ್ಬರು. ಬಳಿಕ ಜಪಾನಿನಲ್ಲಿ ನೆಲೆಗೊಂಡ ಭಾರತೀಯ ಪಡೆಯಲ್ಲಿಯೂ ಬ್ರಿಗೇಡಿನ ನಾಯಕತ್ವ ವಹಿಸಿದರು.

1947ರ ಪಂಜಾಬ್

ದೇಶ ವಿಭಜನೆಯಾದಾಗ ತಿಮ್ಮಯ್ಯನವರಿಗೆ ಪಂಜಾಬಿನ ಕರ್ತವ್ಯ ಬಂತು. ಗಲಭೆ ತಡೆಯಲೆಂದು ರಚಿಸಿದ್ದ ಪಂಜಾಬ್ ಗಡಿ ಪಡೆಗೆ ಭಾರತದ ಕಡೆಯ ಸಲಹೆಗಾರರಾಗಿ ಅವರು ಕೆಲಸ ಮಾಡಿದರು. ಪಾಕಿಸ್ತಾನದ ಕಡೆಯಿಂದ ಬಂದಿದ್ದ ಸಲಹೆಗಾರ ಅಯೂಬ್ ಖಾನ್, ಮುಂದೆ ಆ ದೇಶದ ಅಧ್ಯಕ್ಷರಾದವರು. ಗಲಭೆಯ ಅಗಾಧತೆಯ ಮುಂದೆ ಆ ಪಡೆ ಸಾಲದಾಯಿತು. ಆಗಸ್ಟ್ ಕೊನೆಯ ವೇಳೆಗೆ ಅದನ್ನು ವಿಸರ್ಜಿಸಲಾಯಿತು.

ಅನಂತರ ಪೂರ್ವ ಪಂಜಾಬಿನಲ್ಲಿ ಸೇನೆಯ ಹೊಣೆ ತಿಮ್ಮಯ್ಯನವರ ಮೇಲೆ ಬಿತ್ತು. ಪಶ್ಚಿಮದಿಂದ ಹಿಂದೂಗಳು ಮತ್ತು ಸಿಖ್ಖರು ಮನೆಮಾರು ಕಳೆದುಕೊಂಡು ಬರುತ್ತಿದ್ದರು. ಪೂರ್ವದಿಂದ ಮುಸ್ಲಿಮರು ಹಾಗೆಯೇ ಮೈಲುಗಟ್ಟಲೆ ಸಾಲಾಗಿ ಹೊರಟಿದ್ದರು. ಎರಡೂ ಸಾಲುಗಳಲ್ಲಿ ಹಸಿವು, ಕಾಲರಾ, ಸೇಡಿನ ಭಯ ಒಂದೇ ತೆರನಾಗಿತ್ತು. ಬರುವವರನ್ನು ಬರಮಾಡಿಕೊಳ್ಳುವುದಷ್ಟೇ ಅಲ್ಲ, ಹೋಗುವವರನ್ನು ಕಾಪಾಡಿ ಗಡಿ ದಾಟಿಸುವುದೂ ಸೈನಿಕನ ಕರ್ತವ್ಯವಾಗಿತ್ತು. ತನ್ನವರು ಯಾರು, ಪರರು ಯಾರು ಎಂದು ನೋಡದೆ ಆಶ್ರಯ ಕೊಡಬೇಕೆಂಬ ಪಾಠವನ್ನು ಅವರು ಅಲ್ಲಿ ಕಣ್ಣಾರೆ ಕಂಡು ಕಲಿತರು. ಕೊರಿಯಾದಲ್ಲಿ ಇದೇ ಪಾಠ ಅವರ ನೆರವಿಗೆ ಬಂತು.

1948ರಲ್ಲಿ ಕಾಶ್ಮೀರದ ಕಾರ್ಯಾಚರಣೆಯಲ್ಲಿ ಡಿವಿಜನ್ ಮುಖ್ಯಸ್ಥರಾಗಿದ್ದರು. ಆ ವರ್ಷದ ನವೆಂಬರ್ 1ರಂದು 11,000 ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿ ಲಡಾಖ್‌ನ ದಾರಿ ತೆರೆಸಿದ್ದು ಸೇನಾ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ.

ಕೊರಿಯಾ ಯುದ್ಧ: ಭಾರತದ ನಿಲುವು

ಕೊರಿಯಾ ದೀರ್ಘಕಾಲ ಜಪಾನಿನ ಅಧೀನದಲ್ಲಿದ್ದ ದೇಶ. 1945ರಲ್ಲಿ ಜಪಾನ್ ಸೋತಾಗ ಸೋವಿಯತ್ ಸೇನೆ ಉತ್ತರ ಭಾಗವನ್ನೂ ಅಮೆರಿಕದ ಸೇನೆ ದಕ್ಷಿಣ ಭಾಗವನ್ನೂ ವಶಕ್ಕೆ ತೆಗೆದುಕೊಂಡವು. ನಡುವೆ 38ನೇ ಅಕ್ಷಾಂಶವನ್ನು ಗೆರೆಯಾಗಿ ಎಳೆಯಲಾಯಿತು. ತಾತ್ಕಾಲಿಕವೆಂದು ಎಳೆದ ಗೆರೆ ಎರಡು ಸರ್ಕಾರಗಳ ಗಡಿಯಾಗಿ ಬಿಟ್ಟಿತು. 1950ರ ಜೂನ್ 25ರಂದು ಉತ್ತರ ಕೊರಿಯಾದ ಸೇನೆ ಆ ಗೆರೆಯನ್ನು ದಾಟಿ ದಕ್ಷಿಣಕ್ಕೆ ನುಗ್ಗಿತು.

ಭಾರತ ಆಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸದಸ್ಯ ರಾಷ್ಟ್ರವಾಗಿತ್ತು. ಪ್ರಧಾನಿ ಜವಾಹರಲಾಲ್ ನೆಹರೂ ಅವರ ಸರ್ಕಾರ ಆಕ್ರಮಣವನ್ನು ಆಕ್ರಮಣವೆಂದೇ ಕರೆಯಿತು. ದಾಳಿ ತಡೆಯಲು ದಕ್ಷಿಣಕ್ಕೆ ನೆರವು ನೀಡಬೇಕೆಂಬ ನಿರ್ಣಯವನ್ನೂ ಒಪ್ಪಿತು. ಆದರೆ ಕಾದಾಡಲು ಸೈನಿಕರನ್ನು ಕಳುಹಿಸಲಿಲ್ಲ. ಬದಲಿಗೆ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನೇತೃತ್ವದಲ್ಲಿ ಸೇನೆಯ ಒಂದು ವೈದ್ಯಕೀಯ ತಂಡವನ್ನು ಕಳುಹಿಸಿತು. ಅದೇ ಹೊತ್ತಿಗೆ ನೆಹರೂ ಅವರು 1950ರ ಜುಲೈಯಲ್ಲಿ ಸ್ಟಾಲಿನ್‌ಗೂ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಅಚೆಸನ್‌ಗೂ ಪತ್ರ ಬರೆದು ಯುದ್ಧ ಹಬ್ಬದಂತೆ ತಡೆಯಲು ಕೋರಿದರು.

ಯುದ್ಧದ ಗತಿ ಬದಲಾಗಿ ಅಮೆರಿಕದ ಸೇನೆ ಉತ್ತರಕ್ಕೆ ನುಗ್ಗಲು ಸಿದ್ಧವಾದಾಗ ಭಾರತ ಇನ್ನೊಂದು ಮುಖ್ಯ ಎಚ್ಚರಿಕೆ ಕೊಟ್ಟಿತು. ಅಕ್ಟೋಬರ್ ಮೊದಲ ವಾರ ಚೀನಾದ ಪ್ರಧಾನಿ ಚೌ ಎನ್‌ಲಾಯ್ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿ, ಅಮೆರಿಕದ ಸೇನೆ 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ಮನಿರದು ಎಂದು ತಿಳಿಸಿದ್ದರು. ಭಾರತ ಈ ಮಾತನ್ನು ಮುಟ್ಟಿಸಿತು. ವಾಷಿಂಗ್ಟನ್ ಅದನ್ನು ಗಂಭೀರವಾಗಿ ಪರಿಗಣಿಸಲಿಲ್ಲ. ಕೆಲವೇ ವಾರಗಳಲ್ಲಿ ಚೀನಾದ ಭಾರೀ ಸೇನೆ ಯುದ್ಧಕ್ಕೆ ಇಳಿಯಿತು. ಯುದ್ಧ ಮತ್ತೆರಡೂವರೆ ವರ್ಷ ಮುಂದುವರಿದು ಲಕ್ಷಾಂತರ ಜೀವಗಳು ಬಲಿಯಾದವು.

ಈ ಅವಧಿಯಲ್ಲಿ ಭಾರತ ಯಾರಿಗೂ ಪ್ರಿಯವಾಗಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಉತ್ತರ ಕೊರಿಯಾವನ್ನು ಖಂಡಿಸಿದಾಗ ಕಮ್ಯುನಿಸ್ಟ್ ಬಣಕ್ಕೆ ಸಿಟ್ಟು. ಚೀನಾವನ್ನು ಆಕ್ರಮಣಕಾರಿ ಎಂದು ಘೋಷಿಸುವ 1951ರ ಫೆಬ್ರವರಿಯ ನಿರ್ಣಯಕ್ಕೆ, ಅದರಿಂದ ಸಂಧಾನದ ಬಾಗಿಲು ಮುಚ್ಚುತ್ತದೆಂದು ವಿರೋಧವಾಗಿ ಮತ ಹಾಕಿದಾಗ ಅಮೆರಿಕಕ್ಕೆ ಸಿಟ್ಟು.

ಯುದ್ಧ ಕೈದಿಗಳ ಬಿಕ್ಕಟ್ಟು

1951ರ ಜುಲೈಯಲ್ಲಿ ಕದನ ವಿರಾಮದ ಮಾತುಕತೆ ಆರಂಭವಾಯಿತು. ಗಡಿಯ ವಿಷಯ ಬಹುಮಟ್ಟಿಗೆ ಇತ್ಯರ್ಥವಾದರೂ ಒಂದು ಪ್ರಶ್ನೆಯಲ್ಲಿ ಮಾತುಕತೆ ಸಿಕ್ಕಿಹಾಕಿಕೊಂಡಿತು. ಅದು ಯುದ್ಧ ಕೈದಿಗಳ ಪ್ರಶ್ನೆ.

ಯುದ್ಧ ಮುಗಿದ ಕೂಡಲೇ ಕೈದಿಗಳನ್ನು ಬಿಡುಗಡೆ ಮಾಡಿ ಅವರ ದೇಶಕ್ಕೆ ಕಳುಹಿಸಬೇಕೆಂದು 1949ರ ಜಿನೀವಾ ಒಪ್ಪಂದ ಹೇಳುತ್ತದೆ. ಚೀನಾ ಮತ್ತು ಉತ್ತರ ಕೊರಿಯಾ ಇದನ್ನೇ ಹಿಡಿದು ತಮ್ಮ ಎಲ್ಲ ಕೈದಿಗಳನ್ನೂ ಮರಳಿಸುವಂತೆ ಪಟ್ಟುಹಿಡಿದವು. ಆದರೆ ದಕ್ಷಿಣದ ಶಿಬಿರಗಳಲ್ಲಿದ್ದ ಸಾವಿರಾರು ಕೈದಿಗಳು ತಮಗೆ ಮರಳಿ ಹೋಗಲು ಇಷ್ಟವಿಲ್ಲ ಎನ್ನುತ್ತಿದ್ದರು. ಮನಸ್ಸಿಲ್ಲದವರನ್ನು ಬಲವಂತವಾಗಿ ಕಳುಹಿಸುವುದಿಲ್ಲ ಎಂದು ಅಮೆರಿಕ ಹೇಳಿತು. ಇಬ್ಬರ ಮಾತಿನಲ್ಲಿಯೂ ನ್ಯಾಯವಿತ್ತು, ಇಬ್ಬರ ಮಾತಿನಲ್ಲಿಯೂ ರಾಜಕೀಯವಿತ್ತು. ಈ ಒಂದು ವಿಷಯಕ್ಕಾಗಿ ಒಂದು ವರ್ಷಕ್ಕೂ ಹೆಚ್ಚು ಕಾಲ ಗುಂಡು ಹಾರುತ್ತಲೇ ಇತ್ತು.

ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾಗಿದ್ದ ವಿ.ಕೆ. ಕೃಷ್ಣ ಮೆನನ್ ಇದಕ್ಕೊಂದು ದಾರಿ ಸೂಚಿಸಿದರು. ಕೈದಿಗಳನ್ನು ತಟಸ್ಥ ರಾಷ್ಟ್ರಗಳ ಒಂದು ಆಯೋಗಕ್ಕೆ ಒಪ್ಪಿಸಬೇಕು. ಯಾರ ಮೇಲೂ ಬಲಪ್ರಯೋಗ ಕೂಡದು, ಹೋಗೆಂದೂ ಇರೆಂದೂ ಒತ್ತಾಯಿಸಬಾರದು ಎಂಬುದು ಅದರ ಸಾರ. 1952ರ ಡಿಸೆಂಬರ್ 3ರಂದು ಮಹಾಸಭೆ ಇದನ್ನು ಅಂಗೀಕರಿಸಿತು. ಸೋವಿಯತ್ ಬಣ ಮತ್ತು ಚೀನಾ ಮೊದಲು ಇದನ್ನು ತಿರಸ್ಕರಿಸಿದವು. 1953ರ ಮಾರ್ಚ್‌ನಲ್ಲಿ ಸ್ಟಾಲಿನ್ ತೀರಿಕೊಂಡ ಮೇಲೆ ಪರಿಸ್ಥಿತಿ ಬದಲಾಯಿತು. ಬಹುಮಟ್ಟಿಗೆ ಭಾರತದ ಸಲಹೆಯನ್ನೇ ಹೋಲುವ ಏರ್ಪಾಡಿಗೆ ಜೂನ್ 8ರಂದು ಎರಡೂ ಕಡೆಯವರು ಸಹಿ ಹಾಕಿದರು. ಜುಲೈ 27ರಂದು ಪನ್‌ಮುಂಜೋಮ್‌ನಲ್ಲಿ ಕದನ ವಿರಾಮವಾಯಿತು.

ತಟಸ್ಥ ರಾಷ್ಟ್ರಗಳ ಕೈದಿ ಮರಳಿಕೆ ಆಯೋಗದಲ್ಲಿ ಐದು ದೇಶಗಳು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಒಂದು ಕಡೆ ಒಲವುಳ್ಳವು. ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಇನ್ನೊಂದು ಕಡೆಯವು. ಐದನೆಯದು ಭಾರತ. ಅಧ್ಯಕ್ಷತೆ ಭಾರತದ್ದು. ಎರಡೆರಡು ಮತಗಳು ಎದುರುಬದುರಾದಾಗ ತೀರ್ಮಾನದ ಮತವೂ ಭಾರತದ್ದೇ. ಕೈದಿಗಳನ್ನು ಕಾಯುವ ಸೈನಿಕರೂ ಭಾರತದವರೇ. ಆ ಅಧ್ಯಕ್ಷ ಸ್ಥಾನಕ್ಕೆ ಸರ್ಕಾರ ಆರಿಸಿದ್ದು ಲೆಫ್ಟಿನೆಂಟ್ ಜನರಲ್ ತಿಮ್ಮಯ್ಯನವರನ್ನು. ಕಾವಲು ಪಡೆಯ ಮುಖ್ಯಸ್ಥರಾಗಿ ಮೇಜರ್ ಜನರಲ್ ಎಸ್.ಪಿ.ಪಿ. ಥೋರಟ್ ನೇಮಕವಾದರು. ರಾಜತಾಂತ್ರಿಕ ಸಲಹೆಗೆ ಪಿ.ಎನ್. ಹಕ್ಸರ್ ಮುಂತಾದವರಿದ್ದರು.

ಇಷ್ಟು ದೊಡ್ಡ ಹೊಣೆ ಹೊತ್ತರೂ ಭಾರತಕ್ಕೆ ಸಿಕ್ಕ ಮರ್ಯಾದೆ ಅಷ್ಟಕ್ಕಷ್ಟೇ. ಕೊರಿಯಾದ ಭವಿಷ್ಯವನ್ನು ಚರ್ಚಿಸುವ ರಾಜಕೀಯ ಸಮ್ಮೇಳನದಲ್ಲಿ ಭಾರತವೂ ಇರಬೇಕೆಂಬ ಪ್ರಸ್ತಾಪಕ್ಕೆ ಅಮೆರಿಕವೂ ದಕ್ಷಿಣ ಕೊರಿಯಾವೂ ಅಡ್ಡಿ ಮಾಡಿದವು. ಬೇಕಾದಷ್ಟು ಬೆಂಬಲ ಸಿಗದಿದ್ದಾಗ ಭಾರತ ತಾನೇ ಹಿಂದೆ ಸರಿಯಿತು. ಮಾತುಕತೆಯ ಮೇಜಿನಲ್ಲಿ ಕುರ್ಚಿಯಿಲ್ಲ, ಬೇಲಿ ಕಾಯುವ ಕಷ್ಟ ಮಾತ್ರ ಉಳಿಯಿತು. ಆದರೂ ಭಾರತ ಒಪ್ಪಿಕೊಂಡ ಕೆಲಸವನ್ನು ಬಿಡಲಿಲ್ಲ.

ಹಿಂದ್ ನಗರದ ದಿನಗಳು

ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತವನ್ನು ಕಮ್ಯುನಿಸ್ಟರ ಗೆಳೆಯನೆಂದು ನಂಬಿದ್ದರು. ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡಕೂಡದೆಂದು ಹಟ ಹಿಡಿದರು. ಹೀಗಾಗಿ ಇಂಚೋನ್ ಬಂದರಿಗೆ ಹಡಗಿನಲ್ಲಿ ಬಂದ ನಮ್ಮ ಸೈನಿಕರನ್ನು ಹೆಲಿಕಾಪ್ಟರುಗಳಲ್ಲಿ ಸಾಗಿಸಿ ಸೇನಾರಹಿತ ವಲಯದಲ್ಲಿ ಇಳಿಸಬೇಕಾಯಿತು. ಸಾವಿರಾರು ಸೈನಿಕರು ಹೀಗೆ ಆಕಾಶಮಾರ್ಗವಾಗಿ ಬಂದು ಡೇರೆ ಹಾಕಿದ ಸ್ಥಳಕ್ಕೆ ಹಿಂದ್ ನಗರ ಎಂದು ಹೆಸರಾಯಿತು.

1953ರ ಸೆಪ್ಟೆಂಬರ್‌ನಲ್ಲಿ ಕೈದಿಗಳ ಹಸ್ತಾಂತರ ನಡೆಯಿತು. ದಕ್ಷಿಣದ ಕಡೆಯಿಂದ ಬಂದವರು ಸುಮಾರು 22,600 ಮಂದಿ. ಇವರಲ್ಲಿ 14,000ಕ್ಕೂ ಹೆಚ್ಚಿನವರು ಚೀನೀಯರು, ಉಳಿದವರು ಉತ್ತರ ಕೊರಿಯನ್ನರು. ಉತ್ತರದ ಕಡೆಯಿಂದ ಬಂದವರು 359 ಮಂದಿ. ಇವರಲ್ಲಿ 23 ಅಮೆರಿಕನ್ನರು ಮತ್ತು ಒಬ್ಬ ಬ್ರಿಟಿಷ್ ಸೈನಿಕನಿದ್ದರು. ಇವರೆಲ್ಲರೂ ತಾಯ್ನಾಡಿಗೆ ಹೋಗಲಾರೆವು ಎಂದವರು. ಅವರ ದೇಶದ ಪ್ರತಿನಿಧಿಗಳು ಬಂದು, ಹೆದರಬೇಡಿ, ಮನೆಗೆ ಬನ್ನಿ ಎಂದು ತಿಳಿಹೇಳಲು 90 ದಿನಗಳ ಅವಕಾಶ. ಪ್ರತಿಯೊಬ್ಬ ಕೈದಿಯೂ ಅದನ್ನು ಕೇಳಿ ತನ್ನ ಮನಸ್ಸಿನ ಮಾತು ಹೇಳಬೇಕು. ಕಾಗದದ ಮೇಲೆ ಏರ್ಪಾಡು ಸರಳವಾಗಿತ್ತು.

ಆದರೆ ಶಿಬಿರದ ಒಳಗಿನ ಸ್ಥಿತಿ ಬೇರೆಯೇ ಆಗಿತ್ತು. ಕೈದಿಗಳು ಒಂಟಿ ವ್ಯಕ್ತಿಗಳಾಗಿ ಉಳಿದಿರಲಿಲ್ಲ. ಪ್ರತಿ ಆವರಣದಲ್ಲಿಯೂ ನಾಯಕರಿದ್ದರು. ಅವರಿಗೆ ತೈವಾನ್ ಮತ್ತು ದಕ್ಷಿಣ ಕೊರಿಯಾದೊಡನೆ ಸಂಪರ್ಕವಿತ್ತು. ಮರಳಿ ಹೋಗಲು ಬಯಸಿದವನಿಗೆ ಏಟು, ಕೆಲವೊಮ್ಮೆ ಸಾವು ಕಾದಿತ್ತು. ಅನೇಕ ಚೀನೀ ಕೈದಿಗಳ ಮೈಮೇಲೆ ಕಮ್ಯುನಿಸ್ಟ್ ವಿರೋಧಿ ಘೋಷಣೆಗಳ ಹಚ್ಚೆ ಇತ್ತು. ಅಂಥ ಹಚ್ಚೆ ಹೊತ್ತವನು ಮನೆಗೆ ಮರಳುವುದಾದರೂ ಹೇಗೆ?

ಕೈದಿಗಳ ಮೊದಲ ಸಿಟ್ಟು ಭಾರತೀಯರ ಮೇಲೆಯೇ ತಿರುಗಿತು. ಒಮ್ಮೆ ಮೇಜರ್ ಗ್ರೆವಾಲ್ ಎಂಬ ಅಧಿಕಾರಿಯನ್ನು ಕೈದಿಗಳು ತಮ್ಮ ಆವರಣದೊಳಗೆ ಎಳೆದು ಒತ್ತೆಯಾಗಿಟ್ಟುಕೊಂಡರು. ಜನರಲ್ ಥೋರಟ್ ತಾವೇ ಒಳಗೆ ಹೋಗಿ ಮಾತಿನಿಂದಲೇ ಅವರನ್ನು ಬಿಡಿಸಿ ತಂದರು. ಎಲ್ಲ ಸಂದರ್ಭಗಳೂ ಹೀಗೆ ಸುಖವಾಗಿ ಮುಗಿಯಲಿಲ್ಲ. ಅಕ್ಟೋಬರ್ ಆರಂಭದಲ್ಲಿ ಗುಂಪು ಮುನ್ನುಗ್ಗಿದಾಗ ಭಾರತೀಯ ಕಾವಲುಗಾರರು ಗುಂಡು ಹಾರಿಸಬೇಕಾಗಿ ಬಂದು ಕೆಲವು ಕೈದಿಗಳು ಸತ್ತರು. ದಕ್ಷಿಣ ಕೊರಿಯಾದಲ್ಲಿ ಭಾರತದ ವಿರುದ್ಧ ಕೂಗು ಎದ್ದಿತು.

ಬಲಪ್ರಯೋಗ ಬೇಡ ಎಂಬ ತೀರ್ಮಾನ

ಅಕ್ಟೋಬರ್ 15ರಂದು ತಿಳುವಳಿಕೆ ನೀಡುವ ಕೆಲಸ ಆರಂಭವಾಯಿತು. ಕೂಡಲೇ ತೊಂದರೆಯೂ ಆರಂಭವಾಯಿತು. ಹಲವು ಆವರಣಗಳ ಕೈದಿಗಳು ಹೊರಗೆ ಬರಲೇ ಒಪ್ಪಲಿಲ್ಲ. ಚೀನಾ ಮತ್ತು ಉತ್ತರ ಕೊರಿಯಾದವರು ಅವರನ್ನು ಬಲವಂತವಾಗಿ ಎಳೆದು ತನ್ನಿ ಎಂದರು. ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಇದನ್ನು ಬೆಂಬಲಿಸಿದವು. ಸ್ವಿಟ್ಜರ್ಲೆಂಡ್ ಮತ್ತು ಸ್ವೀಡನ್ ಖಡಾಖಂಡಿತವಾಗಿ ವಿರೋಧಿಸಿದವು. ತೀರ್ಮಾನ ತಿಮ್ಮಯ್ಯನವರ ಮುಂದೆ ಬಂದು ನಿಂತಿತು.

ಸೈನಿಕನಿಗೆ ಬಲ ಬಳಸುವುದು ಕಷ್ಟದ ಮಾತಲ್ಲ. ಆಯುಧ ಅವರ ಕೈಯಲ್ಲಿತ್ತು, ಕೈದಿಗಳ ಕೈ ಬರಿದಾಗಿತ್ತು. ಆದರೆ ಒಂದು ಆವರಣಕ್ಕೆ ನುಗ್ಗಿದರೆ ನೂರಾರು ಹೆಣ ಬೀಳುವುದು ಖಚಿತವಾಗಿತ್ತು. ತಿಳಿಹೇಳುವ ಕೆಲಸಕ್ಕಾಗಿ ಕೊಲ್ಲುವುದು ಯಾವ ನ್ಯಾಯ? ಬಲಪ್ರಯೋಗ ಮಾಡುವುದಿಲ್ಲ ಎಂದು ತಿಮ್ಮಯ್ಯನವರು ನಿರ್ಧರಿಸಿದರು. ಇದರಿಂದ ಚೀನಾದ ಕಡೆಯವರಿಗೆ ಅಸಮಾಧಾನವಾಯಿತು.

ಹಾಗೆಂದು ಅವರು ಅಮೆರಿಕಕ್ಕೆ ಹಿತವಾದ ಮಾತನ್ನೇ ಆಡಲಿಲ್ಲ. ಶಿಬಿರಗಳಲ್ಲಿ ನಾಯಕರ ದಬ್ಬಾಳಿಕೆಯಿದೆ, ಅದರ ನೆರಳಿನಲ್ಲಿ ಕೈದಿಗಳ ಆಯ್ಕೆ ನಿಜವಾಗಿ ಸ್ವತಂತ್ರವೆಂದು ಹೇಳಲಾಗದು ಎಂಬ ಸಂಗತಿಯನ್ನು ಆಯೋಗದ ಮಧ್ಯಂತರ ವರದಿ ಮುಚ್ಚಿಡಲಿಲ್ಲ. ಈ ವರದಿಗೆ ಭಾರತದೊಂದಿಗೆ ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಾ ಸಹಿ ಹಾಕಿದವು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಬೇರೆ ವರದಿ ಕೊಟ್ಟವು. ಈಗ ಅಮೆರಿಕದ ಕಡೆಯವರಿಗೆ ಅಸಮಾಧಾನ. ಒಂದು ವಿಷಯದಲ್ಲಿ ಒಬ್ಬರ ಜೊತೆ, ಇನ್ನೊಂದರಲ್ಲಿ ಇನ್ನೊಬ್ಬರ ಜೊತೆ. ಇದನ್ನು ಕೆಲವರು ಚಂಚಲತೆ ಎಂದರು. ನಿಜವಾಗಿ ನೋಡಿದರೆ ಅಳತೆಗೋಲು ಒಂದೇ ಆಗಿತ್ತು. ಬದಲಾದದ್ದು ಆ ಅಳತೆಗೆ ಯಾರು ಸರಿಹೊಂದಿದರು ಎಂಬುದು ಮಾತ್ರ.

ಡಿಸೆಂಬರ್ 23ಕ್ಕೆ ಕಾಲಾವಧಿ ಮುಗಿದಾಗ ತಿಳುವಳಿಕೆಯ ಕೆಲಸ ನಡೆದದ್ದು ಸುಮಾರು ಹತ್ತು ದಿನ ಮಾತ್ರ. ಹೆಚ್ಚಿನ ಕೈದಿಗಳು ಆ ಡೇರೆಗಳನ್ನು ಕಾಣಲೇ ಇಲ್ಲ. ಉಳಿದವರ ಹಣೆಬರಹವನ್ನು ರಾಜಕೀಯ ಸಮ್ಮೇಳನ ನಿರ್ಧರಿಸಬೇಕಿತ್ತು. ಆ ಸಮ್ಮೇಳನ ಸೇರಲೇ ಇಲ್ಲ. ಜನವರಿ 22ರ ಮಧ್ಯರಾತ್ರಿಗೆ ಕೈದಿಗಳನ್ನು ಬಿಟ್ಟುಬಿಡಬೇಕೆಂದು ಅಮೆರಿಕ ಹೇಳಿತು. ಸಮ್ಮೇಳನವಾಗುವ ತನಕ ಹಿಡಿದಿಟ್ಟುಕೊಳ್ಳಿ ಎಂದು ಚೀನಾ ಹೇಳಿತು. ಬಿಡುಗಡೆ ಘೋಷಿಸುವ ಅಧಿಕಾರ ತಮಗಿಲ್ಲ, ಕೊನೆಯಿಲ್ಲದೆ ಹಿಡಿದಿಡುವ ಅಧಿಕಾರವೂ ಇಲ್ಲ ಎಂದು ಕಂಡ ತಿಮ್ಮಯ್ಯನವರು, ಯಾರು ಯಾರನ್ನು ಒಪ್ಪಿಸಿದ್ದರೋ ಅವರಿಗೇ 1954ರ ಜನವರಿ 20ರಿಂದ ಮರಳಿ ಒಪ್ಪಿಸಲು ತೀರ್ಮಾನಿಸಿದರು. ಎರಡೂ ಕಡೆಯವರು ಆಕ್ಷೇಪಿಸಿದರು. ಆದರೆ ರಕ್ತಪಾತವಿಲ್ಲದೆ ಕೆಲಸ ಮುಗಿಯಿತು. ಚೀನೀ ಕೈದಿಗಳು ತೈವಾನಿಗೆ ಹೋದರು. ಕೊರಿಯನ್ನರು ದಕ್ಷಿಣದಲ್ಲಿ ಉಳಿದರು. ಈ ನಡುವೆ ಆರುನೂರಕ್ಕೂ ಹೆಚ್ಚು ಮಂದಿ ಮನಸ್ಸು ಬದಲಿಸಿ ತಾಯ್ನಾಡಿಗೆ ಹೊರಟಿದ್ದರು. ಕೆಲವರು ಬೇಲಿ ಹಾರಿ ಭಾರತೀಯ ಕಾವಲುಗಾರರ ಬಳಿ ಓಡಿಬಂದವರು.

88 ಮಂದಿ ಮಾತ್ರ ಉತ್ತರವೂ ಬೇಡ, ದಕ್ಷಿಣವೂ ಬೇಡ ಎಂದರು. ಅವರನ್ನು ಭಾರತಕ್ಕೆ ಕರೆತರಲಾಯಿತು. ಮುಂದೆ ಅವರಲ್ಲಿ ಅನೇಕರು ಬ್ರೆಜಿಲ್ ಮತ್ತು ಅರ್ಜೆಂಟೀನಾಗಳಿಗೆ ಹೋದರು. ಕೆಲವರು ಭಾರತದಲ್ಲಿಯೇ ನೆಲೆಸಿದರು.

ಅದುವರೆಗೆ ಟೀಕಿಸುತ್ತಿದ್ದ ಅಮೆರಿಕದಲ್ಲಿಯೂ ಅಧ್ಯಕ್ಷ ಐಸೆನ್‌ಹೋವರ್ ಭಾರತೀಯ ಪಡೆಯ ಸಂಯಮವನ್ನು ಹೊಗಳಿದರು. ಭಾರತ ಸರ್ಕಾರ 1954ರಲ್ಲಿ ತಿಮ್ಮಯ್ಯನವರಿಗೆ ಪದ್ಮಭೂಷಣ ನೀಡಿ ಗೌರವಿಸಿತು. ಕೊರಿಯಾದ ಅನುಭವಗಳನ್ನು ಅವರು ಬರೆದಿಟ್ಟಿದ್ದರು. ಅದು ಅವರ ಮರಣಾನಂತರ 1981ರಲ್ಲಿ 'ಎಕ್ಸ್‌ಪೆರಿಮೆಂಟ್ ಇನ್ ನ್ಯೂಟ್ರಾಲಿಟಿ' ಎಂಬ ಹೆಸರಿನಲ್ಲಿ ಪುಸ್ತಕವಾಗಿ ಹೊರಬಂತು. ತಟಸ್ಥತೆಯ ಒಂದು ಪ್ರಯೋಗ ಎಂಬ ಅರ್ಥದ ಆ ಹೆಸರೇ ಅವರ ವಿನಯವನ್ನು ಹೇಳುತ್ತದೆ.

ಸೇನೆಯ ಮುಖ್ಯಸ್ಥರಾಗಿ

1957ರ ಮೇ ತಿಂಗಳಿನಿಂದ 1961ರ ಮೇವರೆಗೆ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿದ್ದರು. ಆಗ ರಕ್ಷಣಾ ಸಚಿವರಾಗಿದ್ದವರು ಕೃಷ್ಣ ಮೆನನ್. ಒಂದು ಕಾಲದಲ್ಲಿ ಮೆನನ್ ರೂಪಿಸಿದ ಯೋಜನೆಯನ್ನು ಕೊರಿಯಾದಲ್ಲಿ ನಡೆಸಿಕೊಟ್ಟವರು ತಿಮ್ಮಯ್ಯನವರೇ. ಆದರೆ ಈಗ ಇಬ್ಬರ ನಡುವೆ ಸರಿಹೋಗಲಿಲ್ಲ. 1959ರಲ್ಲಿ ತಿಮ್ಮಯ್ಯನವರು ರಾಜೀನಾಮೆ ಕೊಟ್ಟು, ನೆಹರೂ ಅವರ ಮಾತಿನ ಮೇಲೆ ಹಿಂದಕ್ಕೆ ಪಡೆದರು. ಈ ಪ್ರಕರಣ ಸಂಸತ್ತಿನಲ್ಲಿಯೂ ಚರ್ಚೆಯಾಯಿತು. ನಿವೃತ್ತಿಯ ಮರುವರ್ಷವೇ, 1962ರಲ್ಲಿ, ಚೀನಾದೊಡನೆ ಯುದ್ಧವಾಗಿ ಭಾರತ ಸೋಲನ್ನು ಅನುಭವಿಸಿತು. ಪರರ ಜಗಳದಲ್ಲಿ ನ್ಯಾಯ ಹೇಳಬಲ್ಲ ದೇಶ ತನ್ನ ಮನೆಯ ಕಾವಲನ್ನೂ ಗಟ್ಟಿ ಮಾಡಿಕೊಳ್ಳಬೇಕೆಂಬ ಕಹಿ ಪಾಠವನ್ನು ಆ ವರ್ಷ ಕಲಿಸಿತು.

ಸೈಪ್ರಸ್: ಕೊನೆಯ ಕರ್ತವ್ಯ

ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪ 1960ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. ಜನಸಂಖ್ಯೆಯಲ್ಲಿ ಶೇಕಡ 80ರಷ್ಟು ಗ್ರೀಕ್ ಭಾಷೆಯ ಕ್ರೈಸ್ತರು, ಶೇಕಡ 18ರಷ್ಟು ತುರ್ಕಿ ಭಾಷೆಯ ಮುಸ್ಲಿಮರು. ಎರಡು ಸಮುದಾಯಗಳಿಗೂ ಅಧಿಕಾರದಲ್ಲಿ ಪಾಲು ಕೊಡುವ ಸಂವಿಧಾನವಿತ್ತು. ಆರ್ಚ್‌ಬಿಷಪ್ ಮಕಾರಿಯೋಸ್ ಅಧ್ಯಕ್ಷರು, ಫಾಜಿಲ್ ಕುಚುಕ್ ಉಪಾಧ್ಯಕ್ಷರು. ಸಂವಿಧಾನ ತಿದ್ದುವ ವಿಷಯದಲ್ಲಿ ಮನಸ್ತಾಪ ಬೆಳೆದು 1963ರ ಡಿಸೆಂಬರ್‌ನಲ್ಲಿ ಗಲಭೆ ಆರಂಭವಾಯಿತು. ಹಲವಾರು ಹಳ್ಳಿಗಳ ತುರ್ಕಿ ಜನರು ಮನೆ ಬಿಟ್ಟು ಸಣ್ಣ ಸಣ್ಣ ಪ್ರದೇಶಗಳಲ್ಲಿ ಒತ್ತಾಗಿ ಸೇರಿಕೊಂಡರು.

1964ರ ಮಾರ್ಚ್ 4ರಂದು ಭದ್ರತಾ ಮಂಡಳಿ ಶಾಂತಿಪಾಲನಾ ಪಡೆಯೊಂದನ್ನು ರಚಿಸಿತು. ಬ್ರಿಟನ್, ಕೆನಡಾ, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ದೇಶಗಳ ಸೈನಿಕರು ಅದರಲ್ಲಿದ್ದರು. ಭಾರತದ ಬೆಟಾಲಿಯನ್ ಇರಲಿಲ್ಲ. ಆದರೆ ಅದರ ಮೊದಲ ದಂಡನಾಯಕ ಭಾರತದ ಜನರಲ್ ಪಿ.ಎಸ್. ಗ್ಯಾನಿ. ಅವರ ನಂತರ ಅದೇ ವರ್ಷದ ಜುಲೈಯಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಊ ಥಾಂಟ್ ಅವರ ಕರೆಯಂತೆ ತಿಮ್ಮಯ್ಯನವರು ಆ ಹೊಣೆ ವಹಿಸಿಕೊಂಡರು. ಆಗ ಅವರಿಗೆ 58 ವರ್ಷ. ಮಡಿಕೇರಿಯಲ್ಲಿ ನೆಮ್ಮದಿಯಾಗಿರಬಹುದಾಗಿದ್ದ ವಯಸ್ಸು.

ಅವರು ಅಧಿಕಾರ ವಹಿಸಿದ ಮರುತಿಂಗಳೇ ದ್ವೀಪದ ವಾಯವ್ಯದ ಕೊಕ್ಕಿನಾ ಪ್ರದೇಶದಲ್ಲಿ ಭಾರೀ ಕಾಳಗವಾಯಿತು. ತುರ್ಕಿಯ ವಿಮಾನಗಳು ಬಾಂಬ್ ಹಾಕಿದವು. ಗ್ರೀಸ್ ಮತ್ತು ತುರ್ಕಿಗಳ ನಡುವೆಯೇ ಯುದ್ಧವಾಗುವ ಭೀತಿ ಹುಟ್ಟಿ, ಭದ್ರತಾ ಮಂಡಳಿಯ ಕರೆಯ ಮೇಲೆ ಕದನ ನಿಂತಿತು. ಆ ಬಳಿಕ ಶಾಂತಿಪಾಲಕರ ನಿತ್ಯದ ಕೆಲಸ ಸುದ್ದಿಯಾಗುವಂಥದ್ದಲ್ಲ. ಮುಚ್ಚಿದ ರಸ್ತೆ ತೆರೆಸುವುದು, ದಿಗ್ಬಂಧನಕ್ಕೆ ಸಿಕ್ಕಿದ ಹಳ್ಳಿಗಳಿಗೆ ಆಹಾರ ತಲುಪುವಂತೆ ನೋಡಿಕೊಳ್ಳುವುದು, ಎದುರು ಬದುರು ಬಂಕರುಗಳಲ್ಲಿ ಕುಳಿತವರ ನಡುವೆ ರೈತರು ಕೊಯ್ಲು ಮಾಡಲು ಕಾವಲು ಕೊಡುವುದು, ಸಣ್ಣ ಗುಂಡಿನ ಸದ್ದು ದೊಡ್ಡ ಕಾಳಗವಾಗದಂತೆ ರಾತ್ರೋರಾತ್ರಿ ಓಡಾಡಿ ಮಾತಾಡುವುದು. ಜೀವ ಉಳಿಸುವುದು ಇಂಥ ಕೆಲಸಗಳೇ.

1965ರ ಸೆಪ್ಟೆಂಬರ್‌ನಲ್ಲಿ ಭಾರತ ಮತ್ತು ಪಾಕಿಸ್ತಾನಗಳ ನಡುವೆ ಯುದ್ಧವಾಯಿತು. ತುರ್ಕಿ ಪಾಕಿಸ್ತಾನದ ಮಿತ್ರರಾಷ್ಟ್ರ. ಅಂಥ ಹೊತ್ತಿನಲ್ಲಿ ಸೈಪ್ರಸ್‌ನ ತುರ್ಕಿ ಜನರ ರಕ್ಷಣೆಯ ಹೊಣೆ ಒಬ್ಬ ಭಾರತೀಯ ಜನರಲ್ ಮೇಲಿತ್ತು. ಸ್ವದೇಶದ ಮೇಲಿನ ಅಭಿಮಾನ ಬೇರೆ, ವಹಿಸಿಕೊಂಡ ಅಮಾನತ್ತು ಬೇರೆ ಎಂದು ತಿಳಿದವರಿಗೆ ಮಾತ್ರ ಇಂಥ ಸ್ಥಾನದಲ್ಲಿ ನಿಲ್ಲಲು ಸಾಧ್ಯ.

1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿರುವಾಗಲೇ ತಿಮ್ಮಯ್ಯನವರು ಹೃದಯಾಘಾತದಿಂದ ಸೈಪ್ರಸ್‌ನಲ್ಲಿ ನಿಧನರಾದರು. ಅವರ ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಸೇನಾ ಗೌರವದೊಂದಿಗೆ ಅಂತ್ಯಸಂಸ್ಕಾರ ನೆರವೇರಿಸಲಾಯಿತು. ಸೈಪ್ರಸ್ ಸರ್ಕಾರ 1966ರಲ್ಲಿ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು. ಮಡಿಕೇರಿಯ ಅವರ ಮನೆ 'ಸನ್ನಿಸೈಡ್' 2021ರಲ್ಲಿ ವಸ್ತು ಸಂಗ್ರಹಾಲಯವಾಯಿತು.

ನಮಗೆ ಪಾಠ

ಈ ನೀತಿಯಿಂದ ಏನು ಸಾಧನೆಯಾಯಿತು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಕೊರಿಯಾ ಇಂದಿಗೂ ಎರಡಾಗಿಯೇ ಇದೆ. 1974ರ ಘಟನೆಗಳ ನಂತರ ಸೈಪ್ರಸ್ ಕೂಡ ಎರಡಾಯಿತು. ಭಾರತದ ತಟಸ್ಥ ನೀತಿ ಜಗತ್ತಿನ ಬೇನೆಗಳನ್ನೆಲ್ಲ ಗುಣಪಡಿಸಲಿಲ್ಲ. ಆದರೆ ಕೈದಿಗಳ ಪ್ರಶ್ನೆಯಿಂದ ನಿಂತುಹೋಗಿದ್ದ ಕದನ ವಿರಾಮಕ್ಕೆ ಬಾಗಿಲು ತೆರೆಯಿತು. ಗುಂಡು ಹಾರುವುದು ನಿಂತಿತು. ಸಾವಿರಾರು ತಾಯಂದಿರ ಮಕ್ಕಳು ಬದುಕಿ ಉಳಿದರು. ಇದು ಸಣ್ಣ ಸಾಧನೆಯಲ್ಲ.

ತಟಸ್ಥ ಎಂದರೆ ಕೈಕಟ್ಟಿ ಕೂರುವುದು ಎಂದು ನಾವು ತಿಳಿಯುತ್ತೇವೆ. ತಿಮ್ಮಯ್ಯನವರ ಬದುಕು ಬೇರೆಯದನ್ನೇ ಹೇಳುತ್ತದೆ. ಆಕ್ರಮಣವನ್ನು ಆಕ್ರಮಣವೆನ್ನುವ ಧೈರ್ಯ, ಕೈಯಲ್ಲಿ ಬಲವಿದ್ದೂ ಬಳಸದಿರುವ ಸಂಯಮ, ಎರಡೂ ಕಡೆಯ ಕೋಪವನ್ನು ಸಹಿಸುವ ತಾಳ್ಮೆ, ಇವೆಲ್ಲ ಸೇರಿದರೆ ಮಾತ್ರ ನ್ಯಾಯವಾದ ತಟಸ್ಥತೆ. ಅದಕ್ಕೆ ಓದು ಬೇಕು, ಎರಡೂ ಕಡೆಯ ಮಾತು ಕೇಳುವ ಅಭ್ಯಾಸ ಬೇಕು.

ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ವೈದ್ಯರೂ ಎಂಜಿನಿಯರರೂ ಆಗಬೇಕೆಂದು ಬಯಸುತ್ತಾರೆ. ಅದು ಒಳ್ಳೆಯದೇ. ಜೊತೆಗೆ ಇತಿಹಾಸ, ಕಾನೂನು, ಭಾಷೆ, ಅಂತರರಾಷ್ಟ್ರೀಯ ವಿಷಯಗಳನ್ನು ಓದಿ ವಿದೇಶಾಂಗ ಸೇವೆಗೆ, ಸೇನೆಗೆ, ವಿಶ್ವಸಂಸ್ಥೆಯಂಥ ಸಂಸ್ಥೆಗಳಿಗೆ ಹೋಗುವವರೂ ಬೇಕು. ಕೊರಿಯಾದ ಹಳ್ಳಿಯ ಹುಡುಗನೊಬ್ಬ ಯಾವ ಕಡೆಗೆ ನಡೆಯಬೇಕೆಂಬ ನಿರ್ಧಾರಕ್ಕೆ ಕೊಡಗಿನ ಒಬ್ಬ ಮನುಷ್ಯ ಕಾವಲು ನಿಂತಿದ್ದ. ಮುಂದೆ ಇನ್ನೆಲ್ಲೋ ಅಂಥದೇ ಕಾವಲಿಗೆ ಜನ ಬೇಕಾದಾಗ, ನಮ್ಮ ನಡುವಿನಿಂದಲೂ ಯಾರಾದರೂ ಸಿದ್ಧರಾಗಿರಲಿ.